ಮೊದಲು ಯಾರು ಹೇಳ್ತಿದ್ದಾರೆ ನೋಡಿ, ಕೊಡೆಯ ಅರ್ಥ ಆಮೇಲೆ

ಕಥೆ ಓದುವಾಗ ಇಷ್ಟವಾಗುತ್ತದೆ, ಆದರೆ ಅದರ ವಸ್ತು (ಅಂದರೆ ಆಶಯ, ಥೀಮ್), ಸಂಕೇತ, ದೃಷ್ಟಿಕೋನ ವಿಶ್ಲೇಷಿಸಿ ಬರೆಯಿರಿ ಅಂದ ತಕ್ಷಣ ತಲೆ ಖಾಲಿಯಾಗುತ್ತದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಈ ಸಂಕೇತಗಳನ್ನೆಲ್ಲ ನಾವೇ ಸುಮ್ನೆ ಕಲ್ಪಿಸಿಕೊಳ್ಳುತ್ತೇವಾ ಅನ್ನೋ ಅನುಮಾನವೂ ನಿಮಗಿದೆ. ಒಳ್ಳೆಯ ಅನುಮಾನ, ಬಿಡಬೇಡಿ.

ನಾನು ಮೇಷ್ಟ್ರಲ್ಲ, ಓದುವ ಚಟ ಇರುವವನು ಅಷ್ಟೇ. ಕಾಲೇಜಿನಲ್ಲಿದ್ದಾಗ ಒಂದು ಕಥೆಯ ಬಗ್ಗೆ ಬರೆಯಬೇಕಾಗಿತ್ತು. ಅದರ ಕೊನೆಯಲ್ಲಿ ದೀಪ ಹೋಗಿ ಕತ್ತಲಾಗುತ್ತದೆ. ದೀಪ ಆರಿದ್ದು ಸಾವಿನ ಸಂಕೇತ ಅಂತ ಎರಡು ಪುಟ ತುಂಬಿಸಿದ್ದೆ, ಭಾರಿ ಹೆಮ್ಮೆಯಿಂದ. ಮೇಷ್ಟ್ರು ಅಂಚಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: "ಆರಿತೋ, ಆರಿಸಿದಳೋ?" ಕಥೆ ತೆಗೆದು ನೋಡಿದೆ. ಕಥೆ ಹೇಳುತ್ತಿದ್ದ ಹೆಂಗಸೇ ದೀಪ ಆರಿಸಿದ್ದಳು. ಮಲಗೋಕೆ. ಇಡೀ ಕಥೆಯಲ್ಲಿ ಅವಳಿಗೆ ನಿದ್ದೆ ಬಂದಿರಲಿಲ್ಲ, ಆ ರಾತ್ರಿ ಬರುತ್ತಿತ್ತು. ನಾನು ಸಾವು ಅಂದದ್ದು ಅವಳಿಗೆ ನೆಮ್ಮದಿಯಾಗಿತ್ತು.

ನನ್ನ ತಪ್ಪು ದೀಪದ್ದಲ್ಲ, ಕ್ರಮದ್ದು. ಹೆಚ್ಚಿನವರು ವಸ್ತುವಿನಿಂದ ಶುರು ಮಾಡುತ್ತಾರೆ, ಆಮೇಲೆ ನಾಲ್ಕು ಸಂಕೇತ ಹೆಕ್ಕುತ್ತಾರೆ, ಕಡೆಗೆ "ಕಥೆ ಉತ್ತಮ ಪುರುಷ ('ನಾನು') ನಿರೂಪಣೆಯಲ್ಲಿದೆ" ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ನಾನು ಇದನ್ನು ತಲೆಕೆಳಗು ಮಾಡಿ ಅಂತೀನಿ. ಯಾರು ಹೇಳುತ್ತಿದ್ದಾರೆ ಅನ್ನೋದು ಮೊದಲು. ಅದು ಗೊತ್ತಾದರೆ ಉಳಿದ ಎರಡೂ ಅರ್ಧ ಬಿಡಿಸಿಕೊಂಡ ಹಾಗೆ.

ಒಂದು ಸಣ್ಣ ತುಣುಕು ನಾನೇ ಬರೆದು ತೋರಿಸುತ್ತೇನೆ. ಸಾಹಿತ್ಯ ಅಂತ ಅಂದುಕೊಳ್ಳಬೇಡಿ, ಕೊಯ್ದು ನೋಡೋಕೆ ಇರಲಿ ಅಂತ ಬರೆದದ್ದು.

"ಅಪ್ಪ ಹೋದ ಮೇಲೆ ಅವರ ಕೊಡೆಯನ್ನು ಅಣ್ಣ ತೆಗೆದುಕೊಂಡುಬಿಟ್ಟ. ಮಳೆ ಇಲ್ಲದ ದಿನವೂ ಹಿಡಿದುಕೊಂಡು ಹೋಗುತ್ತಾನೆ. ನನಗೇನೂ ಬೇಜಾರಿಲ್ಲ, ನನ್ನ ಹತ್ತಿರ ಬೇರೆ ಕೊಡೆ ಇದೆ. ಅವನಿಗೇ ಕೊಡಿ ಅಂತ ಅಪ್ಪ ಹೇಳಿದ್ದರಂತೆ. ಅಮ್ಮ ಏನೂ ಹೇಳಲಿಲ್ಲ. ನಿನ್ನೆ ಜೋರು ಮಳೆಯಲ್ಲಿ ಅಣ್ಣ ತೊಪ್ಪೆಯಾಗಿ ಮನೆಗೆ ಬಂದ. ಕೊಡೆ ಮಡಚಿದ್ದು ಮಡಚಿದ ಹಾಗೇ ಕಂಕುಳಲ್ಲಿತ್ತು."

ಈಗ ಹೇಳುತ್ತಿರುವವರು ಯಾರು? ತಮ್ಮನೋ ತಂಗಿಯೋ, ಅದು ತುಣುಕಿನಲ್ಲಿಲ್ಲ. ಸದ್ಯಕ್ಕೆ ತಮ್ಮ ಅಂತ ಇಟ್ಟುಕೊಳ್ಳೋಣ. ಅವನ ಮನಸ್ಸಿನಲ್ಲಿ ಏನಿದೆ ಅಂತ ಅವನೇ ಹೇಳಿದ್ದಾನೆ, "ಬೇಜಾರಿಲ್ಲ" ಅಂತ. ನಂಬುತ್ತೀರಾ? ನಾನು ನಂಬಲ್ಲ. ಯಾಕೆ ನಂಬಲ್ಲ ಅನ್ನೋದಕ್ಕೆ ಪುರಾವೆ ಆ ಸಾಲುಗಳಲ್ಲೇ ಇದೆ, ಅದೂ ನಾವು ದಿನಾ ಆಡುವ ಸಣ್ಣ ಸಣ್ಣ ಪದಗಳಲ್ಲಿ.

"ತೆಗೆದುಕೊಂಡ" ಅನ್ನಬಹುದಿತ್ತು. "ತೆಗೆದುಕೊಂಡುಬಿಟ್ಟ" ಅಂದ. ಆ "ಬಿಟ್ಟ" ಅಣ್ಣನ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ, ತಮ್ಮನ ಹೊಟ್ಟೆಯೊಳಗಿನ ಉರಿಯನ್ನು ಹೇಳುತ್ತದೆ. ಇನ್ನು "ಹೇಳಿದ್ದರಂತೆ". ಕನ್ನಡದ ಈ "ಅಂತೆ" ಇದೆಯಲ್ಲ, ನಿರೂಪಣೆ ಹಿಡಿಯೋಕೆ ಇದಕ್ಕಿಂತ ಒಳ್ಳೆಯ ಕೊಕ್ಕೆ ಇಲ್ಲ. "ಅಪ್ಪ ಹೇಳಿದ್ದರು" ಅಂದರೆ ತಮ್ಮ ಅದನ್ನು ಒಪ್ಪಿಕೊಂಡ ಹಾಗೆ. "ಹೇಳಿದ್ದರಂತೆ" ಅಂದರೆ ನಾನು ಕೇಳಿಲ್ಲ, ಯಾರೋ ಅಂದರು, ಅವರೂ ನಿಜ ಹೇಳಿದರೋ ಇಲ್ಲವೋ. ಒಂದು ಪ್ರತ್ಯಯದಲ್ಲಿ ಇಡೀ ಪಾಲಿನ ಜಗಳ ಕೂತಿದೆ.

ಹಾಗೆಯೇ ಏಕವಚನ, ಬಹುವಚನ. ಅಪ್ಪ "ಅವರು", ಅಣ್ಣ "ಅವನು". ಇಲ್ಲಿ ಅದು ಸಹಜವೇ. ಆದರೆ ಕಥೆಯ ನಡುವೆ ಒಂದು ದಿನ ತಮ್ಮ ಅಣ್ಣನನ್ನು "ಅವರು" ಅಂದರೆ? ಅಥವಾ ಅಪ್ಪನನ್ನು "ಅವನು" ಅಂದರೆ? ಏನೋ ಆಗಿದೆ ಅಂತ ಅರ್ಥ. ಲೇಖಕರು ಅದನ್ನು ಬಿಡಿಸಿ ಹೇಳದೆ ಒಂದು ಸರ್ವನಾಮದಲ್ಲಿ ಹೇಳಿರುತ್ತಾರೆ. ಕನ್ನಡ ಕಥೆ ಓದುವಾಗ ನಾನು ಪೆನ್ಸಿಲ್ ಹಿಡಿದು ಗುರುತು ಹಾಕೋದು ಇಂಥ ಜಾಗಕ್ಕೆ, ಸೂರ್ಯಾಸ್ತದ ವರ್ಣನೆಗಲ್ಲ.

"ಅವನು", "ಅವಳು" ಅಂತ ಹೊರಗಿನಿಂದ ಹೇಳುವ ಕಥೆಗಳಲ್ಲೂ ಇದೇ ಆಟ ಇರುತ್ತದೆ. "ಅವಳು ಕಿಟಕಿ ಮುಚ್ಚಿದಳು. ಈ ಜನಕ್ಕೆ ಬೇರೆ ಕೆಲಸವೇ ಇಲ್ಲ." ಮೊದಲ ವಾಕ್ಯ ನಿರೂಪಕನದು. ಎರಡನೆಯದು ಯಾರದು? "ಅಂದುಕೊಂಡಳು" ಅಂತ ಎಲ್ಲೂ ಇಲ್ಲ, ಆದರೂ ಅದು ಅವಳದೇ ದನಿ. ನಿರೂಪಕ ಎಲ್ಲಿ ಯಾರ ತಲೆಯೊಳಗೆ ಹೊಕ್ಕು ಹೊರಬರುತ್ತಾನೆ, ಯಾರ ತಲೆಯೊಳಗೆ ಒಮ್ಮೆಯೂ ಹೋಗುವುದಿಲ್ಲ ಅಂತ ಗಮನಿಸಿ. ಆ ಎರಡನೆಯದು ಜಾಸ್ತಿ ಮುಖ್ಯ.

ಕೊಡೆಯ ಕಥೆಯ ತಮ್ಮನ ಹಾಗೆ, ಹೇಳುವವನನ್ನೇ ನಂಬಲಾಗದ ನಿರೂಪಣೆಗೆ ವೇಯ್ನ್ ಬೂತ್ ಅನ್ನುವ ಅಮೆರಿಕದ ವಿಮರ್ಶಕ 1961ರಲ್ಲಿ ಒಂದು ಹೆಸರು ಕೊಟ್ಟ. ನಾವು ಅದನ್ನು ನಂಬಲರ್ಹನಲ್ಲದ ನಿರೂಪಕ ಅನ್ನಬಹುದು. ಜಪಾನಿನ ಅಕುತಗಾವ 1922ರಲ್ಲಿ ಬರೆದ ಒಂದು ಕಥೆಯಲ್ಲಿ ನಿರೂಪಕನೇ ಇಲ್ಲ. ಬಿದಿರು ಮೆಳೆಯಲ್ಲಿ ಒಂದು ಹೆಣ, ಅದರ ಬಗ್ಗೆ ಏಳು ಜನರ ಹೇಳಿಕೆ, ಸತ್ತವನದ್ದೂ ಸೇರಿ. ಒಂದಕ್ಕೊಂದು ತಾಳೆಯಾಗಲ್ಲ. ಈ ಕಥೆ ಇಟ್ಟುಕೊಂಡು ಮಾಡಿದ ಕುರೊಸಾವನ 'ರಾಶೋಮೊನ್' ಸಿನಿಮಾ ನೋಡಿದ್ದರೆ ಇದು ನಿಮಗೆ ಗೊತ್ತಿರುತ್ತದೆ. ಕೊಂದವರು ಯಾರು ಅಂತ ಹುಡುಕುತ್ತಾ ಕೂತರೆ ಕಥೆ ಕೈಗೆ ಸಿಗಲ್ಲ. ಒಬ್ಬೊಬ್ಬರೂ ತಮ್ಮನ್ನು ಹೇಗೆ ಕಾಣಿಸಿಕೊಳ್ಳಬೇಕು ಅಂತ ಸುಳ್ಳು ಹೇಳುತ್ತಿದ್ದಾರೆ ಅಂತ ನೋಡಿದರೆ ಸಿಗುತ್ತದೆ.

ಈಗ ಕೊಡೆಗೆ ಬರೋಣ. ಕೊಡೆ ಯಾವುದರ ಸಂಕೇತ? "ಅಪ್ಪನ ಅಧಿಕಾರ" ಅಂತ ತಕ್ಷಣ ಬಾಯಿಗೆ ಬರುತ್ತದೆ, ಅಲ್ವಾ? ತಪ್ಪಲ್ಲ. ಆದರೆ ಅದು ತಮ್ಮನ ಕಣ್ಣಿನ ಕೊಡೆ. ಅದೇ ಸಂಗತಿಯನ್ನು ಅಣ್ಣ ಹೇಳಲಿ: "ಕೊಡೆಯ ಎರಡು ಕಡ್ಡಿ ಮುರಿದಿವೆ ಅಂತ ಮೊದಲ ದಿನವೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ." ಮುಗಿಯಿತು. ಕೊಡೆ ಅದೇ, ಸಂಕೇತ ಬೇರೆ. ಈಗ ಅದು ಅಧಿಕಾರವಲ್ಲ, ಬಿಡಿಸಿದರೆ ಮರ್ಯಾದೆ ಹೋಗುವ ಒಂದು ಹೊರೆ. ಅದಕ್ಕೇ ಸಂಕೇತಗಳ ಪಟ್ಟಿ ಕೊಡುವ ಗೈಡುಗಳನ್ನು ನಾನು ನಂಬುವುದಿಲ್ಲ. ಬಿಳಿ ಅಂದರೆ ಶುದ್ಧಿ, ನದಿ ಅಂದರೆ ಕಾಲ, ಹಕ್ಕಿ ಅಂದರೆ ಸ್ವಾತಂತ್ರ್ಯ ಅಂತ ಬರೆದಿರುತ್ತಾರೆ. ಪಂಜರದೊಳಗೆ ಕೂತು ಖುಷಿಯಾಗಿ ಕಾಳು ತಿನ್ನುವ ಹಕ್ಕಿ ಬಂದರೆ ಏನು ಮಾಡ್ತೀರಿ?

ಸಂಕೇತವೋ ಬರೀ ಸಾಮಾನೋ ಅಂತ ತಿಳಿಯೋಕೆ ನನ್ನ ಪರೀಕ್ಷೆ ಸರಳ. ಆ ವಸ್ತು ಮೊದಲು ವಸ್ತುವಾಗಿ ನಿಲ್ಲಬೇಕು. ಕೊಡೆ ಕೊಡೆಯಾಗಿ ತೂಕ ಇರಬೇಕು, ಮಳೆಗೆ ಬೇಕಾಗಬೇಕು. ಆಮೇಲೆ, ಅದು ಮತ್ತೆ ಬರುವಾಗ ಏನಾದರೂ ಬದಲಾಗಿರಬೇಕು. ನಮ್ಮ ತುಣುಕಿನಲ್ಲಿ ಕೊಡೆ ಮಳೆ ಇಲ್ಲದಾಗ ಕೈಯಲ್ಲಿದೆ, ಮಳೆ ಬಂದಾಗ ಕಂಕುಳಲ್ಲಿದೆ. ಮಾಡಬೇಕಾದ ಕೆಲಸವನ್ನು ಒಂದು ವಸ್ತು ಮಾಡದೇ ಹೋದಾಗ ಓದುಗ ತಲೆ ಎತ್ತುತ್ತಾನೆ. ಕೊನೆಗೆ, ಕೊಡೆ ತೆಗೆದು ಕೈಗಡಿಯಾರ ಇಟ್ಟು ನೋಡಿ. ಆಗ ಆ ತೊಯ್ದು ಬರುವ ದೃಶ್ಯವೇ ಹೋಯಿತು. ಬದಲಾಯಿಸಿದರೂ ಏನೂ ಕೆಡದಿದ್ದರೆ ಅದು ಸಂಕೇತವಲ್ಲ, ಸುಮ್ನೆ ಮೇಜಿನ ಮೇಲಿದ್ದ ಸಾಮಾನು. ಅದರ ಬಗ್ಗೆ ಬರೆಯಬೇಡಿ.

ಒಬ್ಬ ಮನುಷ್ಯ ಬೆಳಗ್ಗೆ ಏಳುವಾಗ ಕೀಟವಾಗಿರುವ ಕಥೆ, ಕಾಫ್ಕಾನ 'ಮೆಟಮಾರ್ಫಸಿಸ್', 1915ರಲ್ಲಿ ಪುಸ್ತಕವಾಗುವಾಗ, ಮುಖಪುಟದಲ್ಲಿ ಆ ಕೀಟವನ್ನು ಬರೆಸಬೇಡಿ, ದೂರದಿಂದ ಕಾಣುವ ಹಾಗೆ ಕೂಡ ಬೇಡ ಅಂತ ಅವನು ಪ್ರಕಾಶಕರಿಗೆ ಕಾಗದ ಬರೆದ. ಚಿತ್ರ ಬರೆದರೆ ಅದು ಒಂದು ಜಾತಿಯ ಹುಳುವಾಗಿಬಿಡುತ್ತದೆ, ಇನ್ನೇನೂ ಆಗಲು ಜಾಗ ಉಳಿಯಲ್ಲ. ನಾನು ಅದನ್ನು ಹಾಗೆ ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮ ವಿಶ್ಲೇಷಣೆಯಲ್ಲೂ "ಕೀಟ ಅಂದರೆ ಇದು" ಅಂತ ಸಮ ಚಿಹ್ನೆ ಹಾಕಿದರೆ ಮುಖಪುಟಕ್ಕೆ ಹುಳು ಬರೆದ ಹಾಗೇ.

ಇದಕ್ಕೆಲ್ಲ ಪಶ್ಚಿಮದ ಹೆಸರುಗಳೇ ಬೇಕಂತಿಲ್ಲ. ನಮ್ಮಲ್ಲಿ ಕಥೆ ಸರಿಯಾಗದಿದ್ದರೆ "ತುಂಬಾ ವಾಚ್ಯ ಆಯ್ತು" ಅಂತೀವಿ, ಅಂದರೆ ಎಲ್ಲ ಬಾಯಿಬಿಟ್ಟು ಹೇಳಿಬಿಟ್ಟಿದೆ ಅಂತ. ಚೆನ್ನಾಗಿದ್ದರೆ "ಧ್ವನಿ ಇದೆ" ಅಂತೀವಿ, ಅಂದರೆ ಹೇಳದೆಯೇ ಹೊಳೆಯಿಸುತ್ತದೆ ಅಂತ. ಆ ಧ್ವನಿಯ ಬಗ್ಗೆ ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ 9ನೇ ಶತಮಾನದಲ್ಲೇ 'ಧ್ವನ್ಯಾಲೋಕ' ಬರೆದ. ಅದೇ ಶತಮಾನದ 'ಕವಿರಾಜಮಾರ್ಗ'ದಲ್ಲೂ ಧ್ವನಿಯ ಮಾತು ಬರುತ್ತದೆ, ಅಲಂಕಾರಗಳಲ್ಲಿ ಒಂದಾಗಿ. ಆನಂದವರ್ಧನ ಕೊಡುವ ಒಂದು ಪ್ರಾಕೃತ ಪದ್ಯ ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬಳು ಒಬ್ಬ ಧರ್ಮಿಷ್ಠನಿಗೆ ಹೇಳುತ್ತಾಳೆ: ಇನ್ನು ನೀನು ಧೈರ್ಯವಾಗಿ ಓಡಾಡಬಹುದು, ಆ ನಾಯಿಯನ್ನು ಗೋದಾವರಿ ದಡದ ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು.

ಮಾತಿನಲ್ಲಿರುವುದು "ಓಡಾಡು". ಅರ್ಥ "ಆ ಕಡೆ ತಲೆ ಹಾಕಬೇಡ". ನಾಯಿಗೇ ಹೆದರುತ್ತಿದ್ದವನಿಗೆ ಸಿಂಹದ ಸುದ್ದಿ ಹೇಳಿ ಧೈರ್ಯ ತುಂಬುತ್ತಿದ್ದಾಳೆ! ಯಾಕೆ? ಆ ಪೊದೆ ಅವಳು ನಲ್ಲನನ್ನು ಭೇಟಿಯಾಗುವ ಜಾಗ, ಈ ಮನುಷ್ಯ ಹೂ ಕೀಳೋಕೆ ಅಂತ ಅಲ್ಲಿಗೇ ಬರುತ್ತಾನೆ ಅಂತ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಗಮನಿಸಿ, ಇದು ಪದ್ಯದಲ್ಲಿ ಎಲ್ಲೂ ಇಲ್ಲ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾಕೆ ಅಂತ ಕೇಳಿಕೊಂಡವರಿಗೆ ಮಾತ್ರ ಸಿಂಹ ಏನು ಅಂತ ಗೊತ್ತಾಗುತ್ತದೆ. "ಸಿಂಹ ಶೌರ್ಯದ ಸಂಕೇತ" ಅಂತ ಬರೆದವನು ಪಾಪ, ಹೂ ಕೀಳೋಕೆ ಹೋದ ಧರ್ಮಿಷ್ಠನ ಪಕ್ಕದಲ್ಲೇ ನಿಂತಿರುತ್ತಾನೆ. (ಇದರಲ್ಲಿ ಧ್ವನಿ ಗಿನಿ ಏನೂ ಇಲ್ಲ, ಬರೀ ಅನುಮಾನ, ಅಂದರೆ ತರ್ಕದಿಂದ ಊಹಿಸಿದ್ದು ಅಂತ ಮಹಿಮಭಟ್ಟ ಅನ್ನುವ ಇನ್ನೊಬ್ಬ ಕಾವ್ಯಮೀಮಾಂಸಕ ಆಮೇಲೆ ಜಗಳ ತೆಗೆದ. ನಿಮ್ಮ ಅನುಮಾನ ಹೊಸದೇನಲ್ಲ.)

ಇನ್ನು ಕಥೆಯ ವಸ್ತು, ಅಂದರೆ ಆಶಯ. ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಒಂದೇ ಪದದಲ್ಲಿ ಹೇಳಿದರೆ ಅದು ವಿಷಯ, ಆಶಯವಲ್ಲ. "ಸಾವು", "ಅಣ್ಣತಮ್ಮಂದಿರ ಸಂಬಂಧ" ಇವೆಲ್ಲ ವಿಷಯ. ಕಥೆ ಅದರ ಬಗ್ಗೆ ಏನು ಅನ್ನುತ್ತದೆ ಅಂತ ಒಂದು ಪೂರ್ತಿ ವಾಕ್ಯ ಬರೆಯಿರಿ, ಅದರಲ್ಲಿ ಒಂದು "ಆದರೆ" ಇರಲಿ. ಕೊಡೆಯ ತುಣುಕಿಗೆ ನಾನು ಹೀಗೆ ಬರೆಯುತ್ತೇನೆ: ಅಪ್ಪನ ಜಾಗ ಸಿಕ್ಕವನು ಅದರಿಂದ ಮಳೆ ತಪ್ಪಿಸಿಕೊಳ್ಳಲಾರ, ಆದರೆ ಅದು ಸಿಗದವನಿಗೆ ಆ ತೊಯ್ದ ಬಟ್ಟೆ ಕಾಣುವುದಿಲ್ಲ, ಕೊಡೆ ಮಾತ್ರ ಕಾಣುತ್ತದೆ. ಬರೆದಾದ ಮೇಲೆ ಆ ವಾಕ್ಯಕ್ಕೆ ಎದುರು ಬೀಳುವ ಸಾಲು ಕಥೆಯಲ್ಲಿ ಇದೆಯಾ ಅಂತ ಹುಡುಕಿ. ನನ್ನ ವಾಕ್ಯಕ್ಕೇ ಒಂದು ತೊಂದರೆ ಇದೆ ನೋಡಿ. ತಮ್ಮ ತೊಯ್ದದ್ದನ್ನು ನೋಡಿದ್ದಾನೆ, ನಮಗೆ ಹೇಳಿದ್ದೂ ಅವನೇ. ಅಂದರೆ ಅವನಿಗೆ ಏನೋ ಹೊಳೆಯುತ್ತಿದೆ. "ಕಾಣುವುದಿಲ್ಲ" ಅನ್ನೋದನ್ನು "ಈಗಷ್ಟೇ ಕಾಣತೊಡಗಿದೆ" ಅಂತ ತಿದ್ದಬೇಕು. ಹೀಗೆ ತಿದ್ದುವುದೇ ವಿಶ್ಲೇಷಣೆ. ನೀತಿಪಾಠ ಹುಡುಕಬೇಡಿ, "ಅಸೂಯೆ ಒಳ್ಳೆಯದಲ್ಲ" ಅಂತ ಹೇಳೋಕೆ ಯಾರೂ ಕಥೆ ಬರೆಯಲ್ಲ.

ಇನ್ನು ನಿಮ್ಮ ಅನುಮಾನ. ಲೇಖಕರು ಇದನ್ನೆಲ್ಲ ಯೋಚಿಸಿ ಬರೆದಿರುತ್ತಾರಾ? ಹೆಮಿಂಗ್ವೆ ತನ್ನ ಮುದುಕ ಮತ್ತು ಸಮುದ್ರದ ಕಥೆಯ ಬಗ್ಗೆ 1952ರಲ್ಲಿ ಒಂದು ಕಾಗದದಲ್ಲಿ, ಸಂಕೇತ ಗಿಂಕೇತ ಏನೂ ಇಲ್ಲ, ಸಮುದ್ರ ಅಂದರೆ ಸಮುದ್ರ, ಮುದುಕ ಅಂದರೆ ಮುದುಕ ಅಂತ ಬರೆದ. ಜನ ಈ ಮಾತನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ತಿಳಿದು ನೋಡಿದವರಿಗೆ ಅದರಾಚೆಗಿನದು ಕಾಣುತ್ತದೆ ಅನ್ನುವ ಅರ್ಥದ ಮಾತೂ ಅದೇ ಕಾಗದದಲ್ಲಿದೆ. ಲೇಖಕರ ಉದ್ದೇಶ ಏನಿತ್ತು ಅನ್ನೋದು ಕೃತಿಯನ್ನು ಅಳೆಯುವ ಅಳತೆಗೋಲಲ್ಲ ಅಂತ ವಿಮ್‌ಸಾಟ್ ಮತ್ತು ಬಿಯರ್ಡ್ಸ್‌ಲಿ ಅನ್ನುವ ಇಬ್ಬರು ವಿಮರ್ಶಕರು 1946ರಲ್ಲೇ ವಾದ ಮಾಡಿದ್ದರು. ನಾನು ಅಷ್ಟು ದೂರ ಹೋಗಲ್ಲ. ಸಾಲು ತೋರಿಸೋಕೆ ಆದರೆ ಸರಿ, ತೋರಿಸೋಕೆ ಆಗದಿದ್ದರೆ ಕಲ್ಪನೆ, ಅಷ್ಟೇ ನನ್ನ ಲೆಕ್ಕ.

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಉತ್ತರ ಹಾಕುವ ಮುಂಚೆ ಕೊಡೆಯ ತುಣುಕನ್ನು ಮನೆಯಲ್ಲಿ ಓದಿ ಹೇಳಿದೆ. ಅಣ್ಣತಮ್ಮಂದಿರ ಬಗ್ಗೆ ಏನಾದರೂ ಹೇಳುತ್ತಾಳೆ ಅಂತ ಕಾದಿದ್ದೆ. ನನ್ನ ಹೆಂಡತಿ ಕೇಳಿದ್ದು ಇಷ್ಟೇ: "ಅಮ್ಮ ಯಾಕೆ ಏನೂ ಹೇಳಲಿಲ್ಲ? ಆ ಕೊಡೆ ಅಪ್ಪನದೇ ಅಂತ ಏನು ಗ್ಯಾರಂಟಿ?" ಬರೆದವನು ನಾನು. ಆ ಸಾಲನ್ನು ಸುಮ್ನೆ ಲಯಕ್ಕೆ ಇರಲಿ ಅಂತ ಹಾಕಿದ್ದೆ. ಈಗ ತುಣುಕು ತೆಗೆದು ಓದಿದರೆ ನನಗೂ ಮೊದಲು ಕಣ್ಣಿಗೆ ಬೀಳುವುದು ಅದೇ ಸಾಲು.