ಕೆರೆ ತುಂಬಿದೆ, ಗೊರವ ಯಾಕಿಲ್ಲ?

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತಿ ಸುತ್ತ ಕಲ್ಲು ಕಟ್ಟಿದ್ದಾರೆ. ಬೆಂಗಳೂರಿನ ಸಂಸ್ಕರಿಸಿದ ನೀರು ಬರುವುದರಿಂದ ವರ್ಷವಿಡೀ ತುಂಬಿರುತ್ತದೆ. ಚಳಿಗಾಲಕ್ಕೆ ಬರುತ್ತಿದ್ದ ಗೊರವ, ಬಾತುಗಳು ಮಾತ್ರ ಈಗ ಕಾಣುತ್ತಿಲ್ಲ, ನೀರುಕಾಗೆಗಳದ್ದೇ ರಾಜ್ಯ. ನೀರು ಕೆಟ್ಟಿದೆಯೇ?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ನೀರು ಹೇಗಿದೆ ಎನ್ನುವುದಕ್ಕೆ ಪರೀಕ್ಷೆಯೇ ಆಗಬೇಕು. ಆದರೆ ನಿಮ್ಮ ವಿವರಣೆ ನೋಡಿದರೆ ಮೊದಲು ಅನುಮಾನಿಸಬೇಕಾದ್ದು ಆಳವನ್ನು. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ, ಅದಕ್ಕೆ ಆಳ ಬೇಕು. ಸೂಜಿಬಾಲದ ಬಾತು ತಲೆ ಮುಳುಗಿಸಿ, ಬಾಲ ಮೇಲೆತ್ತಿ ತಳದಲ್ಲಿ ಮೇಯುತ್ತದೆ. ಒಂದೂವರೆ ಅಡಿಗಿಂತ ಆಳವಾದರೆ ಕೊಕ್ಕು ನಿಲುಕದು. ಸಣ್ಣ ಗೊರವಗಳಿಗಂತೂ ಎರಡು-ಮೂರು ಬೆರಳು ನೀರು, ಅದರಂಚಿನ ಹಸಿ ಕೆಸರು ಸಾಕು. ಕೆಸರಿನ ಮೇಲ್ಪದರದ ಕೆಂಪು ಹುಳಗಳೇ ಅವುಗಳ ಊಟ.

ಈ ಕೆಸರು ದಿನದಿನವೂ ಹೊಸದಾಗಿ ತೆರೆದುಕೊಳ್ಳುತ್ತಿರಬೇಕು. ಚಳಿ ಮುಗಿಯುವ ಹೊತ್ತಿಗೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ, ತಿಂಗಳಿಗೆ 15 ಸೆಂ.ಮೀ. ದಂಡೆ 1:20ರ ಇಳಿಜಾರಿನಲ್ಲಿದ್ದರೆ, ಅಂದರೆ 20 ಅಡಿ ದೂರಕ್ಕೆ ಒಂದಡಿ ಇಳಿದರೆ, ಅಷ್ಟಕ್ಕೇ ಮೂರು ಮೀಟರ್ ಅಗಲದ ಕೆಸರು ಸಿಗುತ್ತದೆ. ಬಟ್ಟಲಿನಂತೆ 1:2ಕ್ಕೆ ತೋಡಿದ್ದರೆ 30 ಸೆಂ.ಮೀ., ಅದೂ ಕಲ್ಲಿನ ಮೇಲೆ! ನಿಮ್ಮಲ್ಲಿ ಒಳಹರಿವು ನಿಲ್ಲದ್ದರಿಂದ ಮಟ್ಟವೇ ಇಳಿಯುವುದಿಲ್ಲ.

ಈ ನೀರು ಅಂತರ್ಜಲ ಮರುಪೂರಣಕ್ಕೆಂದು ಬಂದದ್ದು, ತೂಬೆತ್ತಿ ಗದ್ದೆಗೆ ಬಿಡುವಂತಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳಹರಿವು ತಗ್ಗಿಸಿ, ಮುಂದಿನ ಕೆರೆಗೆ ಹೆಚ್ಚು ಹರಿಸುವಂತೆ ಪಂಚಾಯಿತಿ ಮೂಲಕ ಸಣ್ಣ ನೀರಾವರಿ ಇಲಾಖೆಯನ್ನು ಕೇಳಿ. ಒಮ್ಮೆಲೇ ಇಳಿಸುವುದೂ ತಪ್ಪು: ಕೆಸರು ಬಿರುಕುಬಿಟ್ಟು ಗಟ್ಟಿಯಾದರೆ ಕೊಕ್ಕು ಇಳಿಯದು. ನೀರು ಬರುವ ಕಡೆ ಒಂದಿಷ್ಟು ದೂರ ಕಲ್ಲು ತೆಗೆಸಿ ಮಣ್ಣಿನ ಇಳಿಜಾರು ಮಾಡಿಸಿ. ಏರಿಯ ಕಡೆಯ ಆಳ ಹಾಗೇ ಇರಲಿ, ಬೇಸಿಗೆಯಲ್ಲಿ ಮೀನಿಗೂ ಗುಳುಮುಳುಕ ಹಕ್ಕಿಗೂ ಅದೇ ಗತಿ.

ಪ್ರಶ್ನೆ: ಕೆರೆಯ ಜಂಬುಹುಲ್ಲನ್ನು ಯಾವಾಗ ಕತ್ತರಿಸಬೇಕು?
– ಓದುಗರು, ತುಮಕೂರು

ಉತ್ತರ: ಫೆಬ್ರವರಿ-ಮಾರ್ಚ್‌ನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇರಳೆ ಜಂಬುಕೋಳಿ ಅದರೊಳಗೇ ಗೂಡು ಕಟ್ಟುತ್ತದೆ. ವರ್ಷಕ್ಕೊಂದು ಬದಿಯಂತೆ ಕತ್ತರಿಸಿ, ಮೂರನೇ ಒಂದು ಭಾಗವನ್ನಾದರೂ ಉಳಿಸಿ. ಅಂತರಗಂಗೆಯನ್ನು ಮಾತ್ರ ಕಂಡಾಗಲೆಲ್ಲ ತೆಗೆಯಬಹುದು. ದಂಡೆಯಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಮತ್ತೆ ನೀರಿಗಿಳಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಅಂಗಳಕ್ಕೆ ಜೆಸಿಬಿ ಇಳಿಸುವ ಮುನ್ನ ನೆಲ ನೋಡಿ ನಡೆಯಿರಿ. ಟಿಟ್ಟಿಭ ಬರಿನೆಲದಲ್ಲೇ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ, ಚೂಪು ತುದಿ ಒಳಮುಖ, ಮಣ್ಣಿನ ಬಣ್ಣಕ್ಕೆ ಕಪ್ಪು ಮಚ್ಚೆ. ಹಕ್ಕಿ ತಲೆ ಮೇಲೆ ಸುತ್ತಿ ಕೂಗಿದರೆ ಅಲ್ಲೇ ನಿಲ್ಲಿ, ಮೊಟ್ಟೆ ಹತ್ತಿರದಲ್ಲೇ ಇದೆ.

ಪ್ರಶ್ನೆ: ಕೆರೆ ನಡುವಿನ ದಿಬ್ಬದಲ್ಲಿ ಕೊಕ್ಕರೆಗಳಿಗಾಗಿ ಯಾವ ಗಿಡ ನೆಡೋಣ?
– ಓದುಗರು, ಹೊಸಪೇಟೆ

ಉತ್ತರ: ಕರಿಜಾಲಿ. ನಿಮ್ಮ ಜಿಲ್ಲೆಯದೇ ಆದ, 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಅಂಕಸಮುದ್ರ ಕೆರೆಯಲ್ಲಿ ನೀರಲ್ಲಿ ನಿಂತ ಜಾಲಿಗಳ ಮೇಲೆಯೇ ಹಕ್ಕಿಗಳು ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಯ ಮರಿ ಹಾರಲು ಸುಮಾರು ಎರಡು ತಿಂಗಳು ಬೇಕು. ಅಲ್ಲಿವರೆಗೆ ದಿಬ್ಬದ ಸುತ್ತ ನೀರು ನಿಂತಿರಬೇಕು, ಇಲ್ಲದಿದ್ದರೆ ನಾಯಿಗಳು ನಡೆದೇ ಬರುತ್ತವೆ.