ಮೂರು ಓಟು ಇದೆ, ಒಂದನ್ನೇ ಹಾಕು ಅಂತಾರೆ

ಪ್ರಶ್ನೆ: ಮೇಷ್ಟ್ರೇ, ಗ್ರಾಮ ಪಂಚಾಯ್ತಿಗೆ ನಮ್ಮ ವಾರ್ಡಿನಿಂದ ಮೂರು ಸೀಟು. ಹಾಗಾಗಿ ನನಗೂ ಮೂರು ಓಟು. ಮಾವನವರು ಮಾತ್ರ ‘ನಮ್ಮ ಹುಡುಗನಿಗೆ ಒಂದು ಒತ್ತು, ಮಿಕ್ಕದ್ದು ಖಾಲಿ ಬಿಡು’ ಅಂತಾರೆ. ಹಾಗೆ ಮಾಡಿದರೆ ಓಟು ಕೆಡುವುದಿಲ್ಲವೇ? ಬೇರೆಯವರಿಗೂ ಹಾಕಿದರೆ ಮನೆಯಲ್ಲಿ ಗೊತ್ತಾಗುತ್ತಾ?
— ಹೆಸರು ಬೇಡ ಎಂದವರು, ತುಮಕೂರು ಜಿಲ್ಲೆ

ಉತ್ತರ: ಕೆಡುವುದಿಲ್ಲ ತಾಯಿ. ಮೂರರ ಬದಲು ಒಂದೇ ಒತ್ತಿದರೂ ಅದು ಲೆಕ್ಕಕ್ಕೆ ಬರುತ್ತದೆ. ನಾಲ್ಕು ಒತ್ತಿದರೆ ಮಾತ್ರ ಇಡೀ ಮತಪತ್ರ ಅಸಿಂಧು. ಒಬ್ಬರಿಗೇ ಎರಡು ಓಟು ಕೊಡುವುದಕ್ಕೂ ಆಗಲ್ಲ.

ಮಾವನವರ ಲೆಕ್ಕ ನನಗೆ ಅರ್ಥವಾಗುತ್ತದೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅಂದಮೇಲೆ ಒಂದೆರಡು ಓಟಿನಲ್ಲೇ ಸೋಲು ಗೆಲುವು ಆಗಿಬಿಡುತ್ತದೆ. ಸಮ ಬಂದರೆ ಲಾಟರಿ ಎತ್ತುತ್ತಾರೆ. ನಿಮ್ಮ ಎರಡನೇ ಓಟು ಎದುರಾಳಿಗೆ ಬಿದ್ದು ತಮ್ಮ ಹುಡುಗ ಸೋತರೆ ಅನ್ನುವುದು ಅವರ ಭಯ.

ಆದರೆ ಖಾಲಿ ಬಿಟ್ಟ ಓಟು ಯಾರ ಪಾಲಿನದು ಅಂತ ನೋಡಿ. ಮೂರು ಸೀಟಲ್ಲಿ ಒಂದು ಪರಿಶಿಷ್ಟ ಜಾತಿ ಮಹಿಳೆಗೆ, ಒಂದು ಹಿಂದುಳಿದ ವರ್ಗಕ್ಕೆ, ಒಂದು ಸಾಮಾನ್ಯ ಅಂತ ಇಟ್ಟುಕೊಳ್ಳಿ. ಎಣಿಕೆಯಲ್ಲಿ ಮೊದಲು ಮೀಸಲು ಸೀಟು ತುಂಬುತ್ತಾರೆ. ಆ ಗುಂಪಿನಲ್ಲಿ ಯಾರಿಗೆ ಜಾಸ್ತಿ ಓಟೋ ಅವರು ಗೆದ್ದ ಹಾಗೆ. ಆಮೇಲೆ ಸಾಮಾನ್ಯ ಸೀಟು. ನಿಮ್ಮ ವಾರ್ಡಿನ ಪರಿಶಿಷ್ಟ ಮಹಿಳೆ ಯಾರಾಗಬೇಕು ಅನ್ನುವುದರಲ್ಲಿ ನಿಮಗೂ ಪಾಲಿದೆ. ನಲ್ಲಿ ಕೆಟ್ಟಾಗ, ಚರಂಡಿ ಕಟ್ಟಿದಾಗ, ಮನೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ ನೀವು ಹೋಗುವುದು ಆಕೆಯ ಹತ್ತಿರವೂ ಅಲ್ವಾ?

ನಾನು ಎಣಿಕೆ ಡ್ಯೂಟಿ ಮಾಡಿದವನು. ಚೀಟಿ ಬಿಚ್ಚುತ್ತಾ ಹೋದರೆ ಒಂದರ ಮೇಲೊಂದು ಅದೇ ಕಥೆ: ದೊಡ್ಡ ಮನೆತನದ ಹುಡುಗನ ಹೆಸರಿನ ಮುಂದೆ ಒಂದು ಮುದ್ರೆ, ಕೆಳಗಿನದೆಲ್ಲ ಬಿಳಿ. ತಂತಿಜಾಲರಿಯ ಆಚೆ ಮೀಸಲು ಸೀಟಿಗೆ ನಿಂತಿದ್ದ ಹೆಣ್ಣುಮಗಳು ಸೆರಗು ಹಿಡಿದು ನೋಡುತ್ತಿದ್ದಳು. ‘ಊರಿನ ಓಟು ನಮಗೆ ಬರಲ್ಲ ಸಾರ್, ಕೇರಿ ಓಟೇ ನಮಗೆ’ ಅಂದಳು. ಮಾರನೇ ದಿನದಿಂದ ಆಕೆ ಇಡೀ ವಾರ್ಡಿನ ಸದಸ್ಯೆ. ಊರವರು ಓಟನ್ನೇ ಕೊಡದೆ ಆಮೇಲೆ ಕೆಲಸ ಕೇಳುವುದು ನ್ಯಾಯವಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮೂರೂ ಹಾಕಿ.

ಇನ್ನು ಗುಟ್ಟಿನ ಮಾತು. ನಿಮ್ಮ ಬೀದಿ ಯಾರ ಕಡೆ ವಾಲಿತು ಅಂತ ಏಜೆಂಟರು ಅಂದಾಜು ಮಾಡಬಹುದು. ನೀವು ಯಾರಿಗೆ ಹಾಕಿದಿರಿ ಅಂತ ಯಾರಿಗೂ ಗೊತ್ತಾಗಲ್ಲ. ಬಾಣದ ಗುರುತಿನ ಮುದ್ರೆಯಿಂದಲೇ ಒತ್ತಿ. ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ, ಗುರುತು ಸಿಗುವಂಥದ್ದು ಏನಿದ್ದರೂ ಓಟು ಹೋಯಿತು. ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ. ಇಲ್ಲದಿದ್ದರೆ ಹಸಿ ಮಸಿ ಇನ್ನೊಬ್ಬರ ಚಿಹ್ನೆಗೆ ಅಂಟುತ್ತದೆ. ಎಷ್ಟೋ ಅಜ್ಜಿಯರ ಓಟಿನ ಮೇಲೆ ಹೀಗೆ ಟೇಬಲ್ಲಿನಲ್ಲಿ ಜಗಳ ಆಗಿದ್ದುಂಟು.

ಪ್ರಶ್ನೆ: ಗುರುಗಳೇ, ನಮ್ಮೂರಲ್ಲಿ ಗುಡಿ ಕಟ್ಟಲು ಹೆಚ್ಚು ದುಡ್ಡು ಕೊಟ್ಟವರಿಗೆ ಸೀಟು ಬಿಟ್ಟುಕೊಟ್ಟು ಅವಿರೋಧ ಮಾಡೋಣ ಅಂತಾರೆ. ಊರಿಗೆ ಒಳ್ಳೇದೇ ಅಲ್ಲವೇ?
— ಕಲ್ಯಾಣ ಕರ್ನಾಟಕದ ಓದುಗರು

ಉತ್ತರ: ಅಲ್ಲ. ಎಲ್ಲರೂ ಮನಸಾರೆ ಒಪ್ಪಿ ಒಬ್ಬರೇ ನಾಮಪತ್ರ ಹಾಕಿದರೆ ಅದು ಅವಿರೋಧ. ದುಡ್ಡು ಮಾತಾಡಿ ಬೇರೆಯವರನ್ನು ಹಿಂದೆ ಸರಿಸಿದರೆ ಹರಾಜು. 2020ರ ಚುನಾವಣೆಯಲ್ಲಿ ಹೀಗೆ ಸೀಟು ಹರಾಜಾದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕೇಸು ಹಾಕುವುದಾಗಿ ಎಚ್ಚರಿಸಿತ್ತು. ಗುಡಿಗೆ ಕೊಟ್ಟ ದುಡ್ಡನ್ನು ಆ ಮನುಷ್ಯ ಐದು ವರ್ಷ ಎಲ್ಲಿಂದ ಎತ್ತುತ್ತಾನೆ, ಯೋಚನೆ ಮಾಡಿ. ಹರಾಜಿನ ಕಟ್ಟೆಯಲ್ಲಿ ಕೂರುವವರು ನಾಲ್ಕು ಗಂಡಸರು. ಸೀಟಿನಲ್ಲಿ ಅರ್ಧ ಮಹಿಳೆಯರಿಗೆ ಅಂತ ಕಾನೂನಿದೆ. ಯಾವ ಹೆಂಗಸು ಅಂತ ತೀರ್ಮಾನ ಮಾಡೋದು ಮತ್ತೆ ಅವರೇ. ಧೈರ್ಯವಾಗಿ ತಹಶೀಲ್ದಾರರಿಗೆ ಬರೆದು ಕೊಡಿ, ಜೊತೆಗೆ ಇನ್ನಿಬ್ಬರ ಸಹಿ ಇರಲಿ.

ಪ್ರಶ್ನೆ: ಪಂಚಾಯ್ತಿಗೆ ಪಕ್ಷ ಇಲ್ಲ ಅಂತಾರೆ, ಗೆದ್ದಮೇಲೆ ‘ನಮ್ಮವರು ಇಷ್ಟು’ ಅಂತ ಪಕ್ಷದವರೇ ಎಣಿಸುತ್ತಾರೆ. ಯಾವುದು ನಿಜ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಯೋಗ ಕೊಡುವ ಬೇರೆ ಚಿಹ್ನೆಗಳು ಮಾತ್ರ. ಒಳಗೊಳಗೆ ಬೆಂಬಲ ಇರುತ್ತದೆ, ಅದೂ ನಿಜ. ಆದರೂ ವಿಧಾನಸಭೆಯಲ್ಲಿ ಒಂದು ಪಕ್ಷಕ್ಕೆ ಒತ್ತಿದ ಮನೆ ಪಂಚಾಯ್ತಿಯಲ್ಲಿ ಇನ್ನೊಂದು ಪಕ್ಷದವನನ್ನು ಗೆಲ್ಲಿಸುವುದು ನಮ್ಮ ಕಡೆ ಮಾಮೂಲು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದವನು ಯಾರು ಅಂತ ಜನ ನೆನಪಿಟ್ಟಿರುತ್ತಾರೆ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಪಂಚಾಯ್ತಿ ಮತದಾನ ಶೇ 80 ದಾಟಿತ್ತು. 2023ರ ವಿಧಾನಸಭೆಗೆ ಇಡೀ ರಾಜ್ಯದಲ್ಲಿ ಶೇ 73ರ ಆಸುಪಾಸು. ಹಳ್ಳಿಯ ಜನಕ್ಕೆ ಯಾವ ಓಟು ಹತ್ತಿರದ್ದು ಅಂತ ಇದರಲ್ಲೇ ಕಾಣುತ್ತದೆ. ಗೆದ್ದವರು ಅಧ್ಯಕ್ಷರನ್ನು ಆರಿಸುವಾಗ ಮಾತ್ರ ಪಕ್ಷ ಜೋರಾಗಿ ಒಳಗೆ ಬರುತ್ತದೆ. ಆ ಗಾದಿ 30 ತಿಂಗಳಿಗೊಮ್ಮೆ ಬದಲಾಗುವುದರಿಂದ ಎಳೆದಾಟ ಎರಡು ಸಲ ನಡೆಯುತ್ತದೆ. ನಿಮ್ಮ ಸದಸ್ಯರು ಅಲ್ಲಿ ಯಾರ ಪರ ನಿಂತರು, ಯಾಕೆ ಅಂತ ಮುಂದಿನ ವಾರ್ಡ್ ಸಭೆಯಲ್ಲಿ ಎದ್ದುನಿಂತು ಕೇಳಿ. ಆರು ತಿಂಗಳಿಗೊಮ್ಮೆ ಆ ಸಭೆ ಕರೆಯಲೇಬೇಕು.