ಸಸ್ಯಾಹಾರಿ ಕುಟುಂಬ, ಇಬ್ಬರು ಮಕ್ಕಳು, ಜಪಾನ್ ಪ್ರವಾಸ: ಊಟಕ್ಕೆ ಏನು ಮಾಡುವುದು?

ಧೈರ್ಯವಾಗಿ ಬನ್ನಿ, ಯಾರೂ ಉಪವಾಸ ಬೀಳುವುದಿಲ್ಲ. ಮೀನು, ಮಾಂಸ ಬೇಡ, ಮೊಟ್ಟೆ ಪರವಾಗಿಲ್ಲ, ಒಂಬತ್ತು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ, ಏಪ್ರಿಲ್‌ನಲ್ಲಿ ಟೋಕಿಯೋ, ಕ್ಯೋಟೋ, ಒಸಾಕಾ ಅಂತ ಬರೆದಿದ್ದೀರಿ. ಸಸ್ಯಾಹಾರಿ ಹೋಟೆಲ್‌ಗಳ ಪಟ್ಟಿ ಕೊಡಿ ಅಂತಲೂ ಕೇಳಿದ್ದೀರಿ. ಪಟ್ಟಿ ಕೊಡಬಹುದು, ಆದರೆ ಅದನ್ನೇ ನಂಬಿಕೊಂಡು ಹೊರಟರೆ ಸುಸ್ತಾಗುತ್ತೀರಿ. ಹಸಿದ ಮಗುವನ್ನು ಎತ್ತಿಕೊಂಡು ಮೂರು ಸ್ಟೇಷನ್ ಆಚೆ ಇರುವ ವೀಗನ್ ಹೋಟೆಲ್ ಹುಡುಕುವುದು ಯಾರಿಗೆ ಬೇಕು ಹೇಳಿ? ನಾನು ಟೋಕಿಯೋದಲ್ಲಿ ಸಂಸಾರ ಸಮೇತ ಇದ್ದೇನೆ. ಊರಿಂದ ಬರುವವರಿಗೆಲ್ಲ ನಾನು ಹೇಳುವುದು ಒಂದೇ: ಪುಟ್ಟ ಅಡುಗೆಮನೆ ಇರುವ ರೂಮ್ ಹಿಡಿಯಿರಿ. ಬೆಳಿಗ್ಗೆ, ರಾತ್ರಿ ಜಪಾನಿ ಮನೆ ಅಡುಗೆ ನೀವೇ ಮಾಡಿಕೊಳ್ಳಿ. ಮಧ್ಯಾಹ್ನ ಮಾತ್ರ ಹೊರಗೆ ನೋಡಿಕೊಳ್ಳಿ.

ಯಾಕೆ ಅಂದರೆ, ಇಲ್ಲಿ ತೊಂದರೆ ಕಣ್ಣಿಗೆ ಕಾಣುವ ಮಾಂಸದ್ದಲ್ಲ. ಅದನ್ನು ತಟ್ಟೆಯಲ್ಲಿ ನೋಡಿದರೇ ಗೊತ್ತಾಗುತ್ತದೆ. ತೊಂದರೆ ಇರುವುದು ದಾಶಿಯಲ್ಲಿ. ದಾಶಿ ಅಂದರೆ ಅಡುಗೆಗೆ ಬಳಸುವ ಕಟ್ಟು. ಸಾಮಾನ್ಯವಾಗಿ ಅದನ್ನು ಕತ್ಸುವೋಬುಶಿಯಿಂದ ತೆಗೆಯುತ್ತಾರೆ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿ, ಆಮೇಲೆ ತೆಳ್ಳಗೆ ಹೆರೆದದ್ದು ಅದು. ಮಿಸೋ ಸೂಪ್ (ಮಿಸೋ ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ), ಉದೊನ್ ನೂಡಲ್ಸ್‌ನ ರಸ, ಬೇಯಿಸಿದ ಕುಂಬಳಕಾಯಿ, ಬಜ್ಜಿಯಂಥ ಟೆಂಪುರಾ ಅದ್ದಿಕೊಳ್ಳುವ ಸಾಸ್, ಕೆಲವು ಸಲ ಪಾಲಕ್ ಪಲ್ಯ ಕೂಡ, ಎಲ್ಲದರಲ್ಲೂ ಅದೇ ಇರುತ್ತದೆ. ನೀವು ‘ವೆಜಿಟೇರಿಯನ್’ ಅಂದರೆ ಹೋಟೆಲಿನವರು ಪಾಪ ಮಾಂಸದ ಚೂರನ್ನು ತೆಗೆದು ಕೊಡುತ್ತಾರೆ. ರಸ ಮಾತ್ರ ಅದೇ. ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ, ರುಚಿ ಅಷ್ಟೆ. ಹಾಗಾಗಿ ‘ಮಾಂಸ ಇದೆಯಾ’ ಅಂತ ಕೇಳಬೇಡಿ. ‘ಕತ್ಸುವೋ ದಾಶಿ ಹೈತ್ತೆ ಇಮಾಸ್ ಕಾ?’ ಅಂತ ಕೇಳಿ, ಕತ್ಸುವೋ ದಾಶಿ ಹಾಕಿದ್ದೀರಾ ಅಂತ. ನೇರ ಉತ್ತರ ಸಿಗುತ್ತದೆ.

ಪ್ಯಾಕೆಟ್ ಮೇಲಿನ ಅಲರ್ಜಿ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಕಡ್ಡಾಯವಾಗಿ ತೋರಿಸಬೇಕಾದ ಪದಾರ್ಥಗಳಲ್ಲಿ ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸೀಗಡಿ, ಏಡಿ ಇವೆ, ಕತ್ಸುವೋ ಇಲ್ಲ. ಫೋನಿನ ಕ್ಯಾಮೆರಾದಲ್ಲಿ ಅನುವಾದದ ಆ್ಯಪ್ ಹಿಡಿದು, ಪದಾರ್ಥಗಳ ಸಾಲನ್ನೇ ಓದಿ. ಬೊನಿಟೋ (ಕತ್ಸುವೋ ಮೀನು), ಫಿಶ್ ಎಕ್ಸ್‌ಟ್ರಾಕ್ಟ್, ಲಾರ್ಡ್ (ಹಂದಿ ಕೊಬ್ಬು), ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು), ಇವುಗಳಲ್ಲಿ ಒಂದು ಕಣ್ಣಿಗೆ ಬಿದ್ದರೂ ಶೆಲ್ಫ್‌ಗೆ ವಾಪಸ್ ಇಡಿ.

ಈಗ ಖುಷಿಯ ವಿಷಯಕ್ಕೆ ಬರೋಣ. ದಾಶಿಯನ್ನು ಮೀನಿಲ್ಲದೆಯೂ ಮಾಡಬಹುದು. ಬೌದ್ಧ ಮಠಗಳಲ್ಲಿ ನೂರಾರು ವರ್ಷಗಳಿಂದ ಹಾಗೇ ಮಾಡುತ್ತಿದ್ದಾರೆ. ಅದಕ್ಕೆ ಬೇಕಾದ್ದು ಕೊಂಬು, ಅಂದರೆ ದಪ್ಪ ಎಲೆಯ ಒಣ ಕಡಲಪಾಚಿ. ಹೆಚ್ಚಾಗಿ ಹೊಕ್ಕೈದೊ ಕಡೆಯಿಂದ ಬರುತ್ತದೆ, ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ. 1908ರಲ್ಲಿ ಟೋಕಿಯೋದ ಪ್ರೊಫೆಸರ್ ಇಕೆದಾ ಕಿಕುನಾಯೆ ಉಮಾಮಿ ರುಚಿಯ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದ್ದು ಇದರಿಂದಲೇ. ಮರುವರ್ಷವೇ ಅದು ಅಜಿನೊಮೊಟೊ ಅನ್ನುವ ಹೆಸರಲ್ಲಿ ಅಂಗಡಿಗೆ ಬಂತು.

ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಸಾಕು. ಮೇಲೆ ಬಿಳಿ ಪುಡಿ ಹಿಡಿದಿರುತ್ತದೆ. ಬೂಷ್ಟು ಅಂದುಕೊಂಡು ತೊಳೆಯಬೇಡಿ, ರುಚಿ ಅದರಲ್ಲೇ ಇದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಅರ್ಧ ಗಂಟೆ ತಣ್ಣೀರಲ್ಲಿ ನೆನೆಯಲು ಬಿಡಿ. ರಾತ್ರಿ ಫ್ರಿಜ್‌ನಲ್ಲಿ ಇಟ್ಟು ಮಲಗಿದರೆ ಇನ್ನೂ ಒಳ್ಳೆಯದು. ಆಮೇಲೆ ಸಣ್ಣ ಉರಿ. ಪಾತ್ರೆಯ ತಳದಿಂದ ಪುಟ್ಟ ಗುಳ್ಳೆಗಳು ಏಳುತ್ತಿದ್ದ ಹಾಗೆ ಕೊಂಬು ತೆಗೆದುಬಿಡಿ. ಕುದಿಸಿದರೆ ಲೋಳೆ ಬಿಡುತ್ತದೆ, ಒಂಥರಾ ವಾಸನೆಯೂ ಬರುತ್ತದೆ. ಜೊತೆಗೆ ಎರಡು ಒಣ ಶೀತಾಕೆ ಅಣಬೆ ನೆನೆಹಾಕಿದ್ದರೆ ಆ ನೀರನ್ನೂ ಸೇರಿಸಿ. ಇದಕ್ಕೆ ತೆಳ್ಳಗೆ ಹೆಚ್ಚಿದ ಮೂಲಂಗಿ ಹಾಕಿ ಬೇಯಿಸಿ, ಕೊನೆಗೆ ತೋಫು, ಅಂದರೆ ಸೋಯಾ ಪನೀರ್, ಹಾಕಿ. ಒಲೆ ಆರಿಸಿದ ಮೇಲೆ ಸೌಟಿನಲ್ಲೇ ಸ್ವಲ್ಪ ರಸ ತೆಗೆದುಕೊಂಡು, ಮಿಸೋವನ್ನು ಅದರಲ್ಲಿ ಕದಡಿ ಪಾತ್ರೆಗೆ ಬಿಡಿ. ಮಿಸೋ ಹಾಕಿದ ಮೇಲೆ ಮತ್ತೆ ಕುದಿಸಬಾರದು, ಘಮ ಹಾರಿಹೋಗುತ್ತದೆ. ಮಿಸೋ ಕೊಳ್ಳುವಾಗ ಒಂದು ಎಚ್ಚರ: ‘ದಾಶಿ ಇರಿ’ ಅಂತ ಬರೆದಿರುವ ಡಬ್ಬಿಯಲ್ಲಿ ದಾಶಿ ಮೊದಲೇ ಸೇರಿರುತ್ತದೆ. ಮಕ್ಕಳಿಗೆ ತಿಳಿ ಬಣ್ಣದ ಬಿಳಿ ಮಿಸೋ ತಗೊಳ್ಳಿ, ಸಿಹಿ ಇರುತ್ತದೆ, ಉಪ್ಪೂ ಕಡಿಮೆ.

ಇದರ ಜೊತೆಗೆ ಅನ್ನ, ಮೊಟ್ಟೆ ಸುರುಳಿ, ಬೇಯಿಸಿದ ಕುಂಬಳಕಾಯಿ, ಸ್ವಲ್ಪ ಉಪ್ಪಿನಕಾಯಿ ಇದ್ದರೆ ಊಟ ಮುಗಿಯಿತು. ಇಲ್ಲಿನ ಮನೆಗಳಲ್ಲಿ ಮಾಮೂಲಿ ಊಟದ ಲೆಕ್ಕವೇ ‘ಒಂದು ಸೂಪು, ಮೂರು ಪದಾರ್ಥ’. ಅಡುಗೆಮನೆ ಇರುವ ರೂಮುಗಳಲ್ಲಿ ಸಾಮಾನ್ಯವಾಗಿ ರೈಸ್ ಕುಕ್ಕರ್ ಇಟ್ಟಿರುತ್ತಾರೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಒಳಗಿನ ಗೆರೆವರೆಗೆ ನೀರು ಹಾಕಿ, ಬಟನ್ ಒತ್ತಿ. ಅನ್ನ ಅಂಟಂಟಾಗಿರುತ್ತದೆ, ನಮ್ಮ ಸೋನಾ ಮಸೂರಿ ಥರ ಉದುರುವುದಿಲ್ಲ. ದೊಡ್ಡವರು ಗೊಣಗುತ್ತಾರೆ, ಮಕ್ಕಳು ಉಂಡೆ ಕಟ್ಟಿ ತಿನ್ನುತ್ತಾರೆ. ನತ್ತೊ ಅಂತ ಹುದುಗಿಸಿದ ಸೋಯಾ ಕಾಳು ಸಿಗುತ್ತದೆ. ಒಳಗಿರುವ ಸಾಸ್ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ, ಅದನ್ನು ಬಿಸಾಕಿ ಬರೀ ಸೋಯಾ ಸಾಸ್ ಹಾಕಿಕೊಳ್ಳಿ. ನಿಮ್ಮ ಮಗ ತಿನ್ನುತ್ತಾನೆ ಅಂತ ನನಗೆ ನಂಬಿಕೆ ಇಲ್ಲ, ಸುಮ್ನೆ ತೋರಿಸಿ ನಗಿಸಬಹುದು. ಸೇಬು, ಜೇನಿನ ಚಿತ್ರ ಇರುವ ‘ಕರ್ರಿ’ ಡಬ್ಬಿ (ಜಪಾನಿ ಗೊಜ್ಜಿಗೆ ಹಾಕುವ ಮಸಾಲೆ ಗಟ್ಟಿ) ನೋಡಿ ಮಕ್ಕಳು ಹಟ ಮಾಡಿದರೆ ಮಾತ್ರ ಜೋಪಾನ. ಆ ಮಸಾಲೆ ಗಟ್ಟಿಗಳಲ್ಲಿ ಹೆಚ್ಚಿನವಕ್ಕೆ ದನದ ಅಥವಾ ಹಂದಿಯ ಕೊಬ್ಬು ಹಾಕಿರುತ್ತಾರೆ.

ಮಧ್ಯಾಹ್ನಕ್ಕೆ ಕೊಂಬಿನಿ, ಅಂದರೆ ಬೀದಿ ಬೀದಿಯಲ್ಲಿರುವ ಪುಟ್ಟ ದಿನಸಿ ಅಂಗಡಿಯ ಒನಿಗಿರಿ ಸಾಕು, ಅಂದರೆ ಅನ್ನದ ತ್ರಿಕೋನ ಉಂಡೆ. ಉಪ್ಪು ಹಾಕಿದ್ದು ಅಥವಾ ಉಮೆ ಹಣ್ಣಿನ ಉಪ್ಪಿನಕಾಯಿ ಇಟ್ಟಿದ್ದು ನೋಡಿ, ಪದಾರ್ಥ ಓದಿಕೊಂಡು ಆರಿಸಿ. ಕವರ್ ಮೇಲೆ 1, 2, 3 ಅಂತ ಬರೆದಿರುತ್ತದೆ. ಒಂದನ್ನು ಮೇಲಿಂದ ಕೆಳಕ್ಕೆ ಎಳೆದು, ಎರಡು ಮತ್ತು ಮೂರನ್ನು ಪಕ್ಕಕ್ಕೆ ಎಳೆದರೆ ಗರಿಗರಿ ನೋರಿ (ಕಡಲಪಾಚಿ) ಹಾಳೆ ಅನ್ನಕ್ಕೆ ಸರಿಯಾಗಿ ಸುತ್ತಿಕೊಳ್ಳುತ್ತದೆ. ನಿಮ್ಮ ಮಗಳು ಇದನ್ನು ಬಿಚ್ಚುವುದಕ್ಕೋಸ್ಕರವೇ ಇನ್ನೊಂದು ಕೇಳುತ್ತಾಳೆ ನೋಡಿ. ತಿರುಗುವ ಬೆಲ್ಟಿನ ಸುಶಿ ಅಂಗಡಿಗೂ ಒಮ್ಮೆ ಹೋಗಿ. ಅದು 1958ರಲ್ಲಿ ಒಸಾಕಾ ಕಡೆ ಶುರುವಾದದ್ದು, ಮಕ್ಕಳಿಗಂತೂ ಜಾತ್ರೆಯೇ. ಸೌತೆಕಾಯಿ ಸುರುಳಿ, ಎದಮಾಮೆ (ಎಳೆ ಸೋಯಾ) ಕಾಳು, ಆಲೂ ಫ್ರೈ ಸಿಗುತ್ತವೆ. ಮೊಟ್ಟೆ ಸುಶಿ ಮತ್ತು ಸಿಹಿ ತೋಫು ಚೀಲದ ಇನಾರಿ ನೋಡಲು ಸಾಧು, ಆದರೆ ಎರಡರಲ್ಲೂ ದಾಶಿ ಇರುತ್ತದೆ. ಟೋಕಿಯೋ ಸ್ಟೇಷನ್ ಗೇಟಿನ ಒಳಗೇ ‘ಟೀಸ್ ತಾನ್‌ತಾನ್’ ಅಂತ ವೀಗನ್ ರಾಮೆನ್ ನೂಡಲ್ಸ್ ಅಂಗಡಿ ಇದೆ, ರೈಲು ಹತ್ತುವ ಮುಂಚೆ ಅನುಕೂಲ.

ಸಿಹಿ ಬಗ್ಗೆ ಚಿಂತೆಯೇ ಬೇಡ. ದೊರಾಯಾಕಿ, ದೈಫುಕು, ತೈಯಾಕಿ ಎಲ್ಲದರ ಹೊಟ್ಟೆಯಲ್ಲೂ ಅಜುಕಿ ಕಾಳಿನ ಸಿಹಿ ಇರುತ್ತದೆ, ಹೋಳಿಗೆ ಹೂರಣ ತಿಂದವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಅಂಟಕ್ಕಿ ಕುಟ್ಟಿ ಮಾಡುವ ಮೋಚಿ ಮಾತ್ರ ಚಿಕ್ಕವನಿಗೆ ಇಡಿಯಾಗಿ ಕೊಡಬೇಡಿ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಅಂಟು. ಚೂರು ಚೂರು ಮಾಡಿ, ಪಕ್ಕದಲ್ಲಿ ಕೂತು ತಿನ್ನಿಸಿ.

ಹೊರಗಿನ ಊಟಕ್ಕೆ ಒಮ್ಮೆ ಧಾರಾಳವಾಗಿ ಖರ್ಚು ಮಾಡುವುದಾದರೆ ಅದನ್ನು ಕೊಯಾಸಾನ್‌ನಲ್ಲಿ ಮಾಡಿ. ಒಸಾಕಾದ ನಂಬಾ ಸ್ಟೇಷನ್ನಿನಿಂದ ನಾನ್‌ಕಾಯಿ ರೈಲು, ಕೊನೆಗೆ ಕಡಿದಾದ ಬೆಟ್ಟ ಹತ್ತುವ ಕೇಬಲ್ ಕಾರ್. ಒಂಬತ್ತನೇ ಶತಮಾನದಲ್ಲಿ ಕೂಕಾಯಿ ಎಂಬ ಸನ್ಯಾಸಿ ಕಟ್ಟಿದ ಮಠದೂರು ಅದು. ಐವತ್ತರಷ್ಟು ದೇವಾಲಯಗಳಲ್ಲಿ ರಾತ್ರಿ ತಂಗಬಹುದು. ಅಲ್ಲಿ ಬಡಿಸುವುದು ಶೋಜಿನ್ ಊಟ: ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಜೊತೆಗೆ ಅಜ್ಜಿ ಬಂದರೆ ಅವರೂ ಚಕಾರ ಎತ್ತದೆ ಉಣ್ಣುತ್ತಾರೆ. ಕಾಲು ಮೋಟಾದ ಮರದ ಮಣೆಯ ಮೇಲೆ ಪುಟ್ಟ ಪುಟ್ಟ ಬಟ್ಟಲು. ಒಂದರಲ್ಲಿ ಗೋಮಾ ದೋಫು. ಹೆಸರಿಗೆ ತೋಫು, ನಿಜಕ್ಕೂ ಎಳ್ಳನ್ನು ರುಬ್ಬಿ ಕುಜು ಗಡ್ಡೆಯ ಹಿಟ್ಟಿನ ಜೊತೆ ಕಾಸಿ ಹೆಪ್ಪುಗಟ್ಟಿಸಿದ್ದು, ನಾಲಿಗೆ ಮೇಲೆ ಹಾಗೇ ಕರಗುತ್ತದೆ. ಮೇಲಿಟ್ಟಿರುವ ಹಸಿರು ಚುಕ್ಕೆ ಖಾರದ ವಸಾಬಿ, ಮಕ್ಕಳಿಗೆ ಕೊಡುವ ಮುಂಚೆ ತೆಗೆಯಿರಿ. ಇನ್ನೊಂದರಲ್ಲಿ ಕೊಯಾ ದೋಫು, ತೋಫುವನ್ನು ಹೆಪ್ಪುಗಟ್ಟಿಸಿ ಒಣಗಿಸಿದ್ದು. ಸ್ಪಂಜಿನಂತೆ ರಸ ಹೀರಿಕೊಂಡಿರುತ್ತದೆ. ರಾತ್ರಿ ಊಟ ಬೇಗ, ಸಂಜೆ ಆರರ ಆಸುಪಾಸಿಗೇ ಬಡಿಸುತ್ತಾರೆ, ತಡವಾಗಿ ಹೋಗಬೇಡಿ. ಓಕುನೊಯಿನ್ ಸ್ಮಶಾನದ ದಾರಿಯಲ್ಲಿ ಕಲ್ಲುಗಳ ಮೇಲೆ ಕೆತ್ತಿರುವುದು ಸಿದ್ಧಂ ಅಕ್ಷರ. ಬ್ರಾಹ್ಮಿಯಿಂದ ಬಂದ ನಮ್ಮ ಕಡೆಯ ಲಿಪಿಯೇ ಅದು. ಮಗಳಿಗೆ ಹುಡುಕಲು ಹೇಳಿ, ನಡೆಯಲು ಬೇಜಾರು ಮಾಡಿಕೊಳ್ಳುವುದಿಲ್ಲ.

ರೈಲಿಗೆ ಆರರಿಂದ ಹನ್ನೊಂದು ವರ್ಷದವರಿಗೆ ಅರ್ಧ ಟಿಕೆಟ್. ಆರರ ಒಳಗಿನವರಿಗೆ ಬೇರೆ ರಿಸರ್ವ್ ಸೀಟು ಬೇಡವೆಂದರೆ ಟಿಕೆಟ್ ಇಲ್ಲ.

ಊರಿಂದ ಏನು ತರಬೇಕು ಅಂತಲೂ ಕೇಳಿದ್ದೀರಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಸಾಕು. ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು ತರಬೇಡಿ, ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ಬೇಳೆ ಬೇಕೇ ಬೇಕೆಂದರೆ ಟೋಕಿಯೋದ ನಿಶಿ ಕಸಾಯಿ, ಒಕಾಚಿಮಾಚಿ ಕಡೆ ನಮ್ಮವರ ಅಂಗಡಿಗಳಿವೆ. ಪುಟ್ಟ ಕರೆಂಟ್ ಕುಕ್ಕರ್, ಕೆಟಲ್ ಅಂತೂ ದಯವಿಟ್ಟು ಬೇಡ. ಇಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿನ ಕೆಟಲ್ ಹಾಕಿದರೆ ಐದನೇ ಒಂದು ಪಾಲು ಕಾವೂ ಬರುವುದಿಲ್ಲ. ಒಲೆ ಇಂಡಕ್ಷನ್ ಇದ್ದರೆ ಅಲ್ಯೂಮಿನಿಯಂ ಪ್ರೆಶರ್ ಕುಕ್ಕರ್ ಕೂಡ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಏಪ್ರಿಲ್ 29ರಿಂದ ಗೋಲ್ಡನ್ ವೀಕ್ ಅನ್ನುವ ಸಾಲು ರಜೆ ಶುರು, ಎಲ್ಲ ಕಡೆ ಜನಜಂಗುಳಿ. ಅದಕ್ಕೆ ಮುಂಚೆ ಬಂದು ಹೋಗುವ ಹಾಗೆ ಟಿಕೆಟ್ ಮಾಡಿ, ಕೊಯಾಸಾನ್ ರೂಮನ್ನು ಈಗಲೇ ಹಿಡಿಯಿರಿ.